ಗುತ್ತಿನ ಮನೆಗೆ ಹ್ಯಾಮ್ಲೆಟ್‌ನನ್ನು ಕರೆತರುವ ಕ್ರಮ

ಶೇಕ್ಸ್‌ಪಿಯರನ ದುರಂತ ನಾಟಕವೊಂದನ್ನು ಸಿನಿಮಾ ಮಾಡಿ ಕರಾವಳಿಗೆ ತರುವುದೆಂದು ತೀರ್ಮಾನವಾದ ಕೂಡಲೇ ಮೊದಲು ಬುಕ್ ಆಗುವುದು ಡ್ರೋನ್. ಕಥೆ ಆಮೇಲೆ. ಹ್ಯಾಮ್ಲೆಟ್ ನಡೆಯುವ ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯ ಜಾಗಕ್ಕೆ ಕಾಪುವಿನ ದೀಪಸ್ತಂಭ ಉಂಟು. 1901ರದ್ದು, ಬಂಡೆಯ ಮೇಲೆ ನಿಂತಿದೆ, ಕೆಳಗೆ ಅಲೆ ಪುಕ್ಕಟೆ. ಮಂಗಳೂರಿನ ಸುಲ್ತಾನ್ ಬತ್ತೇರಿಯನ್ನೂ ನೋಡಿ ಬರುತ್ತಾರೆ. ಅದು ಟಿಪ್ಪು ಕಾಲದ ಕಾವಲು ಬುರುಜು. ರಾಜ, ರಾಣಿ, ಮೇಕಪ್‌ನವರು ಒಟ್ಟಿಗೆ ಹತ್ತಿದರೆ ಕ್ಯಾಮೆರಾ ಕೆಳಗೇ ಉಳಿಯಬೇಕು.

ಒಳಾಂಗಣಕ್ಕೆ ಗುತ್ತಿನ ಮನೆ, ಅಂದರೆ ತುಳುನಾಡಿನ ಹಳೆಯ ಯಜಮಾನಿಕೆಯ ಮನೆ. ಕೆತ್ತನೆಯ ಕಂಬ, ಚಾವಡಿ, ತೂಗುಯ್ಯಾಲೆ ಸಿಕ್ಕಿದರೆ ಕಲಾ ನಿರ್ದೇಶಕರಿಗೆ ಧಾರಾಳವಾಯಿತು. ಆ ಚಾವಡಿಯಲ್ಲಿ ಯಾರು ಯಾರ ವಾರಸುದಾರ ಎಂದು ಕೇಳುವವರಿಲ್ಲ. ಬಂಟರ ಗುತ್ತಿನಲ್ಲಿ ನಡೆದು ಬಂದದ್ದು ಅಳಿಯಕಟ್ಟು. ಮಗ ತಾಯಿಯ ಬಳಿಗೆ ಸೇರಿದವನು, ಅಪ್ಪನ ಬಳಿಗಲ್ಲ. ಯಜಮಾನ ತೀರಿಕೊಂಡರೆ ಗಡಿ (ಯಜಮಾನಿಕೆ) ಹಿಡಿಯುವವನು ತಮ್ಮ, ಅವನ ನಂತರ ಅಕ್ಕತಂಗಿಯರ ಮಗ. ನಾಟಕದಲ್ಲಿ ಕ್ಲಾಡಿಯಸ್ ಅಣ್ಣನಾದ ರಾಜನನ್ನು ಕೊಂದು, ಪಟ್ಟ ಹಿಡಿದು, ಅತ್ತಿಗೆ ಗರ್ಟ್ರೂಡ್‌ಳನ್ನು ಮದುವೆಯಾಗುತ್ತಾನೆ; ಹ್ಯಾಮ್ಲೆಟ್ ಸತ್ತ ರಾಜನ ಮಗ. ಗುತ್ತಿನ ಲೆಕ್ಕದಲ್ಲಿ ಕ್ಲಾಡಿಯಸ್ ಕೂತದ್ದು ತನ್ನದೇ ಕುರ್ಚಿಯಲ್ಲಿ. ಕೊಲೆಯ ದೂರು ಬೇಕಾದರೆ ಕೊಡಬಹುದು, ಗಾದಿಯ ವಿಷಯದಲ್ಲಿ ಹ್ಯಾಮ್ಲೆಟ್‌ಗೆ ಕೇಸೇ ಇಲ್ಲ ಮಾರಾಯ್ರೆ! ಗಂಡನ ಬೊಜ್ಜ (ಉತ್ತರಕ್ರಿಯೆ) ಮುಗಿಸಿ ಗರ್ಟ್ರೂಡ್ ಮಗನನ್ನು ಕರೆದುಕೊಂಡು ತಾಯಿಮನೆಗೆ ಹೋಗುತ್ತಾಳೆ. ಅಲ್ಲಿ ಸೋದರಮಾವನ ನಂತರ ಇವನ ಸರದಿ. ಬೊಜ್ಜದ ಅಡುಗೆಯನ್ನೇ ಮದುವೆಗೂ ಬಡಿಸಿದರೆಂದು ಹ್ಯಾಮ್ಲೆಟ್ ಕುಟುಕುವ ಪ್ರಮೇಯವೇ ಬರುವುದಿಲ್ಲ.

ರಿಪೇರಿಗೆ ದಾರಿ ಇಲ್ಲವೆಂದಲ್ಲ. ಕಥೆಯನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಈಚೆಗೆ ತಂದು, ರಾಜ್ಯವನ್ನು ಅಪ್ಪನ ಸ್ವಯಾರ್ಜಿತ ಆಸ್ತಿ ಮಾಡಿದರೆ ಹೆಂಡತಿ ಮಕ್ಕಳಿಗೆ ಹಕ್ಕು ಬರುತ್ತದೆ. ಮುಂಬೈಯಲ್ಲೊಂದು ಹೋಟೆಲಾದರೆ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಆಗ ತೂಗುಯ್ಯಾಲೆ ಹೋಗಿ ಗ್ರೈಂಡರ್ ಬರುತ್ತದೆ. ಹಿಟ್ಟು ರುಬ್ಬುವ ಜಾಗದಲ್ಲಿ ಸ್ಲೋ ಮೋಷನ್ ಇಡುವ ಧೈರ್ಯ ಯಾರಿಗುಂಟು?

ಮುಂದಿನದು ಪ್ರೇತ, ಕೊಲೆಯ ಸುದ್ದಿಯನ್ನು ಹ್ಯಾಮ್ಲೆಟ್‌ಗೆ ಹೇಳುವ ಅಪ್ಪನದು. ಟ್ರೇಲರಿಗೆ ಬರೀ ಪ್ರೇತ ಸಾಲದು, ದೈವವೇ ಬೇಕು. ನಂಬಿದವರು ಬೇಡವೆಂದು ಕೈಮುಗಿದರೂ ವೇಷ ಕಟ್ಟಿಸುತ್ತಾರೆ. ಆದರೆ ಈ ನಾಟಕ ನಡೆಯುವುದೇ ಅನುಮಾನದ ಮೇಲೆ. ಬಂದದ್ದು ಅಪ್ಪನೋ, ಅಪ್ಪನ ರೂಪದ ಪಿಶಾಚಿಯೋ ತಿಳಿಯದೆ ಒದ್ದಾಡುವ ಹ್ಯಾಮ್ಲೆಟ್‌ಗೆ ಪರೀಕ್ಷೆಯ ಉಪಾಯ ಹೊಳೆಯುವಾಗ ಎರಡನೇ ಅಂಕ ಮುಗಿಯುತ್ತದೆ. ದೈವ ನುಡಿ ಕೊಟ್ಟ ಮೇಲೆ ಗಂಧಪ್ರಸಾದ ಹಿಡಿದವನು ‘ಇರಲಿ, ಒಮ್ಮೆ ಪರೀಕ್ಷೆ ಮಾಡುವ’ ಎನ್ನುವುದುಂಟೆ? ಇಪ್ಪತ್ತನೇ ನಿಮಿಷಕ್ಕೇ ಕತ್ತಿ ಹಿಡಿದು ಹೊರಡಬೇಕು. ಹೊರಡದಿದ್ದರೆ ಹೇಡಿ, ಹೊರಟರೆ ಉಳಿದ ಎರಡು ಗಂಟೆಗೆ ಕಥೆ ಇಲ್ಲ.

ಆ ಎರಡು ಗಂಟೆಗೆ ಕಂಬಳ. ಅದರಲ್ಲೂ ಕೋಣಗಳ ಹಿಂದೆ ಹಲಗೆ ಕಟ್ಟಿ ಓಡಿಸುವ ಕನೆಹಲಗೆಯೇ ಬೇಕು, ನೀರು ಮೇಲಕ್ಕೆ ಚಿಮ್ಮುತ್ತದಲ್ಲ. ಕನೆಹಲಗೆಯಲ್ಲಿ ಲೆಕ್ಕ ಹಿಡಿಯುವುದು ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಿತೋ ಇಲ್ಲವೋ ಎಂದು. ಯಾರು ಮೊದಲು ತಲುಪಿದರೆಂದು ಯಾರೂ ನೋಡುವುದಿಲ್ಲ. ತೆರೆಯ ಮೇಲೆ ಹ್ಯಾಮ್ಲೆಟ್ ಹಲಗೆಯ ಮೇಲೆ ನಿಂತು ಎದುರಾಳಿ ಲೇಯರ್ಟಿಸ್‌ನ ಕೋಣದ ಜೋಡಿಯನ್ನು ಒಂದು ಕೊಂಬಿನ ಅಂತರದಲ್ಲಿ ಸೋಲಿಸುತ್ತಾನೆ. ಕರೆಯ (ಓಟದ ಗದ್ದೆಯ) ಬದಿಯಲ್ಲಿ ನಿಂತ ಊರಿನ ಜೂನಿಯರ್ ಆರ್ಟಿಸ್ಟರಿಗೆ ನಗು ತಡೆಯುವುದೇ ಆ ದಿನದ ನಟನೆ.

ಮ್ಯಾಕ್‌ಬೆತ್‌ಗೂ ಇದೇ ಅವಸ್ಥೆ. ಮಾಟಗಾತಿಯರು ‘ರಾಜನಾಗುತ್ತೀ’ ಎಂದಿದ್ದಾರೆ ಹೊರತು ‘ಕೊಲ್ಲು’ ಎಂದಿಲ್ಲ. ಕೊಲೆಯ ಯೋಚನೆ ಅವನದೇ. ಸಿನಿಮಾದಲ್ಲಿ ತಪ್ಪನ್ನು ಶಾಪಕ್ಕೆ, ನಿಧಿಗೆ, ಅಜ್ಜ ಮಾತಿಗೆ ತಪ್ಪಿದ್ದಕ್ಕೆ ಹಂಚಿ ನಾಯಕನನ್ನು ತೊಳೆದಿಡುತ್ತಾರೆ. ಬರ್ನಮ್ ಕಾಡು ನಡೆದು ಬರುವವರೆಗೆ ಸೋಲಿಲ್ಲವೆಂಬ ಭವಿಷ್ಯವೂ ಅವನಿಗುಂಟು; ಆ ಕಾಡು ನಡೆದು ಬರುವುದು ಗ್ರಾಫಿಕ್ಸ್‌ನಲ್ಲಿ, ಬೇರು ಸಮೇತ. ನಾಟಕದಲ್ಲಿ ಎಷ್ಟು ಜನ ಇದ್ದಾರೆಂದು ಶತ್ರುವಿಗೆ ಗೊತ್ತಾಗದಿರಲಿ ಎಂದು ಕೊಲೆಯಾದ ರಾಜನ ಮಗ ಮಾಲ್ಕಮ್ ಪ್ರತಿಯೊಬ್ಬ ಸೈನಿಕನ ಕೈಗೂ ಒಂದೊಂದು ಗೆಲ್ಲು ಕಡಿಸಿ ಕೊಡುತ್ತಾನೆ, ಅಷ್ಟೇ. ಆಗದ ಮಾತೆಂದು ನಂಬಿ ಕೂತವನ ಎದುರು ಅದು ಇಷ್ಟು ಸಸಾರವಾಗಿ ಆಗಿಬಿಡುವುದೇ ಭಯ. ನಮ್ಮಲ್ಲಾದರೆ ಐವತ್ತು ತೆಂಗಿನ ಮಡಲು ಸಾಕಿತ್ತು.

ಇನ್ನು ಹ್ಯಾಮ್ಲೆಟ್‌ನ ಆ ಪರೀಕ್ಷೆ, ಚಿಕ್ಕಪ್ಪನ ಎದುರು ಅಂಥದೇ ಕೊಲೆಯನ್ನು ಆಡಿಸಿ ತೋರಿಸುವ ನಾಟಕದೊಳಗಿನ ನಾಟಕ. ಇದಕ್ಕೆ ಯಕ್ಷಗಾನ ಬಿಟ್ಟು ಬೇರೆ ಯೋಚಿಸುವುದೇ ಬೇಡ. ಹ್ಯಾಮ್ಲೆಟ್ ನಟರಿಗೆ ಹನ್ನೆರಡು ಹದಿನಾರು ಸಾಲು ಬರೆದುಕೊಟ್ಟು ಸೇರಿಸಿ ಎನ್ನುತ್ತಾನೆ. ಮಾತನ್ನು ಆಶುವಾಗಿ ಕಟ್ಟುವ ನಮ್ಮ ಅರ್ಥಧಾರಿಗೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕಿವಿಯ ಹತ್ತಿರ ಸೂಚನೆ ಕೊಟ್ಟರೆ ಆಯಿತು. ಪ್ರಸಂಗವೂ ಸಿದ್ಧ ಉಂಟು. ಅಣ್ಣ ತಮ್ಮ, ಸಿಂಹಾಸನ, ಅತ್ತಿಗೆ, ನಾದಿನಿ ಎಲ್ಲವೂ ವಾಲಿ ಸುಗ್ರೀವರ ಕಥೆಯಲ್ಲಿಯೇ ಇವೆ. ಅದನ್ನು ಬಿಟ್ಟು ಮಹಿಷಾಸುರನನ್ನು ತರುತ್ತಾರೆ, ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದ ಬರುತ್ತಾನೆಂಬ ಒಂದೇ ಕಾರಣಕ್ಕೆ. ಹಿಂದೆ ತೆಂಕುತಿಟ್ಟಿನ ಚೆಂಡೆ, ಮುಂದೆ ಇನ್ನೊಂದೇ ಶೈಲಿಯಾದ ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ಶಿರೋಭೂಷಣ. ರಂಗದಲ್ಲಿ ತನ್ನದೇ ಪಾಪವನ್ನು ಕಂಡು ತಡೆಯಲಾರದೆ ಏಳಬೇಕಾದ ಕ್ಲಾಡಿಯಸ್, ಇಲ್ಲಿ ರಾಳದ ಹೊಗೆ ಕಣ್ಣಿಗೆ ಹೋಗಿ ಎದ್ದಂತೆ ಕಾಣುತ್ತದೆ. ‘ಬೆಳಕು ತನ್ನಿ’ ಎಂದು ಕೂಗುತ್ತಾನೆ ಬೇರೆ, ಅಷ್ಟು ಬೆಂಕಿಯ ಎದುರು ನಿಂತು.

ಸ್ವಗತಗಳನ್ನು ಮಾತ್ರ ಯಾವ ದಾಕ್ಷಿಣ್ಯವೂ ಇಲ್ಲದೆ ಕತ್ತರಿಸುತ್ತಾರೆ. ಇರುವುದೋ ಇಲ್ಲವಾಗುವುದೋ ಎಂಬ ಅಷ್ಟುದ್ದದ ಮಾತು ಒಂದೂವರೆ ಸಾಲಾಗಿ, ಸಮುದ್ರದ ಮೇಲೆ ಹಿನ್ನೆಲೆ ಧ್ವನಿಯಾಗಿ ಹಾರುತ್ತದೆ. ಕೇಳಿದರೆ, ‘ಜನರಿಗೆ ಮಾತು ಕೇಳುವ ತಾಳ್ಮೆ ಎಲ್ಲಿದೆ ಸಾರ್?’ ಚಿತ್ರೀಕರಣ ಮುಗಿಸಿ ಉಡುಪಿಯ ಲಾಡ್ಜಿಗೆ ಮರಳುವ ದಾರಿಯಲ್ಲೇ ಯಾವುದಾದರೊಂದು ಸಭಾಭವನದಲ್ಲಿ ತಾಳಮದ್ದಳೆ ನಡೆಯುತ್ತಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಕರ್ಣ ತಾನು ಯಾರ ಮಗ, ಯಾರ ಋಣದಲ್ಲಿರುವವನು ಎಂದು ಕುರ್ಚಿಯಲ್ಲಿ ಕೂತಲ್ಲೇ ಮುಕ್ಕಾಲು ಗಂಟೆ ವಾದಿಸುತ್ತಿರುತ್ತಾನೆ. ಹಿಂದಿನ ಸಾಲಿನಲ್ಲಿ ಕೂತವರೂ ಚಹಾಕ್ಕೆ ಎದ್ದಿರುವುದಿಲ್ಲ.

ಕೊನೆಯನ್ನು ತಿದ್ದುವುದಕ್ಕೆ ಮಾತ್ರ ನಮ್ಮವರನ್ನೇ ಬೈಯುವುದು ನ್ಯಾಯವಲ್ಲ. 1681ರಲ್ಲಿಯೇ ನೇಹಮ್ ಟೇಟ್ ಎಂಬಾತ ಲಿಯರ್ ದೊರೆಯನ್ನು ಬದುಕಿಸಿ, ಮಗಳು ಕಾರ್ಡೀಲಿಯಾಗೆ ಮದುವೆಯನ್ನೂ ಗೊತ್ತುಮಾಡಿದ್ದ. ಇಂಗ್ಲೆಂಡಿನ ರಂಗಭೂಮಿ ಸುಮಾರು 150 ವರ್ಷ ಅದನ್ನೇ ಆಡಿಕೊಂಡಿತ್ತು. ಮೂಲ ಪಠ್ಯಕ್ಕೆ ನಟ ಮ್ಯಾಕ್ರೆಡಿ ಮರಳಿದ್ದು 1838ರಲ್ಲಿ. ಆದರೆ ಟೇಟ್ ‘ಭಾಗ 2’ ಎಂದು ಬರೆಯಲಿಲ್ಲ.

ಹ್ಯಾಮ್ಲೆಟ್‌ನ ಕೊನೆಗೆ ನಾಲ್ಕು ಹೆಣ ಬಿದ್ದಿರುವಾಗ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್ ಒಳಗೆ ಬಂದು ಪಟ್ಟ ಹಿಡಿಯುತ್ತಾನೆ. ಗುತ್ತಿನ ಕಥೆಗೆ ಇವನಷ್ಟು ಹೊಂದುವ ಪಾತ್ರ ಇನ್ನೊಂದಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಉಳುವ ಭೂಮಿ ತನಗೆ ಸೇರಬೇಕೆಂಬ ಡಿಕ್ಲರೇಶನ್ ಅರ್ಜಿ ಹಿಡಿದು ಅಂಗಳಕ್ಕೆ ಬಂದ ಒಕ್ಕಲು ಅವನೇ. ಒಳಗಿನವರು ಹೊಡೆದಾಡಿ ಮುಗಿಸುವಷ್ಟರಲ್ಲಿ ಗದ್ದೆ ಅವನ ಹೆಸರಿಗೆ. ಎಡಿಟಿಂಗ್‌ನಲ್ಲಿ ಮೊದಲು ಹಾರುವುದು ಇವನ ತಲೆ. ಲಾರೆನ್ಸ್ ಒಲಿವಿಯರ್‌ನ 1948ರ ಹ್ಯಾಮ್ಲೆಟ್ ಚಿತ್ರದಲ್ಲೂ ಇವನಿಲ್ಲ. ಉಳಿದ ಜಾಗದಲ್ಲಿ ಸತ್ತ ಹ್ಯಾಮ್ಲೆಟ್‌ನ ಕಿರುಬೆರಳು ಅಲುಗುತ್ತದೆ, ಚೆಂಡೆ ಬಡಿಯುತ್ತದೆ, ‘ಅಧ್ಯಾಯ 2’ ಎಂದು ಅಕ್ಷರ ಮೂಡುತ್ತದೆ. ಅದಕ್ಕೆ ಲೊಕೇಶನ್ ಕೂಡ ಆಗಿದೆಯಂತೆ: ಸೇಂಟ್ ಮೇರೀಸ್ ದ್ವೀಪ, ಜುಲೈ ತಿಂಗಳಲ್ಲಿ. ಮಳೆಗಾಲದಲ್ಲಿ ಮಲ್ಪೆಯಿಂದ ಅಲ್ಲಿಗೆ ಬೋಟಿಲ್ಲ ಎಂದು ಮ್ಯಾನೇಜರಿಗೆ ಇನ್ನೂ ಯಾರೂ ಹೇಳಿಲ್ಲ.