ಡೆಲ್ಕೋ ತಿರುಗಿಸುವ ಮುನ್ನ

ಹಳೆಯ ಪೆಟ್ರೋಲ್ ಅಂಬಾಸಿಡರ್‌ನ ಬಾನೆಟ್ ಎತ್ತಿ ನಿಲ್ಲಿಸಿದರೆ ಸಾಕು, ಬೀದಿಯಲ್ಲಿ ಹೋಗುವವರೆಲ್ಲ ಮೆಕ್ಯಾನಿಕ್‌ಗಳಾಗುತ್ತಾರೆ. "ಟೈಮಿಂಗ್ ಹೋಗಿದೆ ಸಾರ್, ಡೆಲ್ಕೋನ ಸ್ವಲ್ಪ ಆ ಕಡೆ ತಿರುಗಿಸಿ" ಅನ್ನುತ್ತಾರೆ ಒಬ್ಬರು. "ಈ ಕಡೆ" ಅನ್ನುತ್ತಾರೆ ಇನ್ನೊಬ್ಬರು. ಡೆಲ್ಕೋ ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಟೈಮಿಂಗ್ ಅಂದರೆ ಕಿಡಿ ಹಾರುವ ಹೊತ್ತು. ಕ್ಲಾಂಪ್ ಬೋಲ್ಟ್ ಸಡಿಲಿಸಿದರೆ ಡೆಲ್ಕೋ ಯಾರ ಮಾತನ್ನೂ ಮೀರುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಮೊದಲು ಡೆಲ್ಕೋದ ಮುಚ್ಚಳ ಬಿಚ್ಚಿ ಸಿ.ಬಿ. ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು) ನೋಡಬೇಕು. ಪೂರ್ತಿ ತೆರೆದಾಗ ಗ್ಯಾಪು 0.35ರಿಂದ 0.40 ಮಿ.ಮೀ. ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಸಿಗದವರು ಶೇವಿಂಗ್ ಬ್ಲೇಡಿಗೆ ಕೈ ಹಾಕುತ್ತಾರೆ. ಒಂದು ಬ್ಲೇಡು ಸುಮಾರು 0.1 ಮಿ.ಮೀ. ದಪ್ಪ, ನಾಲ್ಕು ಜೋಡಿಸಿದರೆ ಲೆಕ್ಕ ಸರಿ. ಬೆರಳಿನ ಲೆಕ್ಕ ಬೇರೆ.

ಗ್ಯಾಪಿಗೆ ಯಾಕಿಷ್ಟು ಮರ್ಯಾದೆ ಅಂದರೆ, ಪಾಯಿಂಟ್ ತೆರೆಸುವ ಕ್ಯಾಮಿಗೆ ಉಜ್ಜುವ ಅದರ ಹೀಲು (ಹಿಮ್ಮಡಿ) ಸವೆದಂತೆ ಗ್ಯಾಪು ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ತಾನಾಗಿಯೇ ರಿಟಾರ್ಡ್ (ಕಿಡಿ ತಡ) ಆಗುತ್ತದೆ. ಇದನ್ನು ನೋಡದೆ ಡೆಲ್ಕೋ ತಿರುಗಿಸಿ ಸರಿಮಾಡಿ, ವಾರದ ಮೇಲೆ ಹೊಸ ಪಾಯಿಂಟ್ ಹಾಕಿದಿರೋ, ಟೈಮಿಂಗ್ ಅತಿಯಾಗಿ ಅಡ್ವಾನ್ಸ್ (ಕಿಡಿ ಬೇಗ). ಆಗ ಸ್ಟಾರ್ಟಿಂಗ್ ಹ್ಯಾಂಡಲ್ ತಿರುವಿದವರ ಕೈಗೆ ಅದು ಹಿಂದಿರುಗಿ ಒದೆಯುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕರ ಪಕ್ಕದಲ್ಲೇ ಇರಲಿ, ಸುತ್ತಿ ಹಿಡಿಯಬೇಡಿ. ಈ ಪಾಠವನ್ನು ಪಟ್ಟಿ ಕಟ್ಟಿದ ಕೈಗಳೇ ಹೆಚ್ಚಾಗಿ ಹೇಳುತ್ತವೆ.

ಮುಂದಿನ ಎಡವಟ್ಟು ಇನ್ನೂ ಮಜಾ. ರೇಡಿಯೇಟರ್ ಕಡೆಯ ಒಂದನೇ ಪಿಸ್ಟನ್ ಮೇಲೆ ಬಂದಾಗ ನಾಲ್ಕನೆಯದೂ ಮೇಲೇ ಇರುತ್ತದೆ, ಪುಲ್ಲಿಯ ಗುರುತು ಎರಡಕ್ಕೂ ಒಂದೇ. ಆದ್ದರಿಂದ ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಬೆರಳೊತ್ತಿ, ಹ್ಯಾಂಡಲ್ ತಿರುಗಿಸಲು ಇನ್ನೊಬ್ಬರಿಗೆ ಹೇಳಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್, ಕಿಡಿಯ ಸರದಿ ಒಂದನೆಯದರದ್ದೇ. ಇದನ್ನು ಬಿಟ್ಟು, ಕಿಡಿ ಹಾರುವ 1-3-4-2 ಕ್ರಮದಲ್ಲಿ ವೈರು ಕೂಡಿಸಿದವರಿಗೆ ಕಾರ್ಬ್ಯುರೇಟರ್ 'ಢಂ' ಎಂದು ಉತ್ತರ ಕೊಟ್ಟೀತು. ಸಲಹೆಗಾರರು ಚದುರುವುದು ಆಗಲೇ.

ಈಗ ಬಲ್ಬು. 12 ವೋಲ್ಟಿನದರ ಒಂದು ವೈರನ್ನು ಕಾಯಿಲ್‌ನಿಂದ ಡೆಲ್ಕೋಗೆ ಹೋಗುವ ಸಣ್ಣ ತಂತಿಯ ಟರ್ಮಿನಲ್ಲಿಗೆ, ಇನ್ನೊಂದನ್ನು ಕಾರಿನ ಬಾಡಿಯ ಲೋಹಕ್ಕೆ ಕೊಡಿ. ಪುಲ್ಲಿಯನ್ನು ಮ್ಯಾನುವಲ್ ಹೇಳಿದ ಡಿಗ್ರಿಗೆ ನಿಲ್ಲಿಸಿ ಇಗ್ನಿಷನ್ ಆನ್ ಮಾಡಿ. ಡೆಲ್ಕೋ ಒಳಗಿನ ರೋಟರ್ ಸುತ್ತುವ ದಿಕ್ಕಿಗೇ ಡೆಲ್ಕೋ ತಿರುಗಿಸಿದರೆ ಬಲ್ಬು ಆರುತ್ತದೆ. ಮತ್ತೆ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ಸರಿಸುತ್ತ ಬನ್ನಿ, ಹೊತ್ತಿಕೊಂಡ ಕ್ಷಣ ನಿಲ್ಲಿಸಿ. ಡೆಲ್ಕೋ ಒಂದು ಡಿಗ್ರಿ ತಿರುಗಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು, ಅದಕ್ಕೇ 'ಸ್ವಲ್ಪ' ಅನ್ನುವುದು ಇಲ್ಲಿ ಅಪಾಯಕಾರಿ ಪದ. ಬೋಲ್ಟ್ ಬಿಗಿ ಮಾಡುವಾಗ ಡೆಲ್ಕೋ ಮೆಲ್ಲಗೆ ಸರಿಯುವುದುಂಟು, ಬಿಗಿಸಿದ ಮೇಲೆ ಇನ್ನೊಮ್ಮೆ ಬಲ್ಬು ನೋಡಿ. ನಡುವೆ ಕಾಫಿಗೆ ಕರೆ ಬಂದರೆ ಇಗ್ನಿಷನ್ ಆಫ್ ಮಾಡಿ ಹೋಗಿ. ಪಾಯಿಂಟ್ ಮುಚ್ಚಿದ್ದರೆ, ಕಾಫಿ ಆರುವಷ್ಟರಲ್ಲಿ ಕಾಯಿಲ್ ಕಾದಿರುತ್ತದೆ.

ಕೊನೆಗೆ ರಸ್ತೆ. ಇಂಜಿನ್ ಬಿಸಿಯಾದ ಮೇಲೆ, ಏರಿನಲ್ಲಿ ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ. ಕ್ಷಣ ಹೊತ್ತು 'ಟಿಣ್ ಟಿಣ್' ಅಂದು ನಿಂತರೆ ಸರಿ. ಏರಿನುದ್ದಕ್ಕೂ ಅಂದರೆ ಅಡ್ವಾನ್ಸ್ ಹೆಚ್ಚು, ಹಾಗೇ ಓಡಿಸಿದರೆ ಪಿಸ್ಟನ್ನಿಗೇ ಪೆಟ್ಟು. ಸದ್ದೇ ಇಲ್ಲದೆ ಕಾರು ಏದುಸಿರು ಬಿಟ್ಟು, ರೇಡಿಯೇಟರ್ ಕುದಿಯತೊಡಗಿದರೆ ರಿಟಾರ್ಡ್ ಆಗಿರಬಹುದು. ಆಗ ಹಿಂದಿನ ಸೀಟಿನಲ್ಲಿ ಕೂತವರು ಖಂಡಿತ ಪೆಟ್ರೋಲ್ ಬಂಕಿನವರನ್ನು ಬೈಯುತ್ತಾರೆ.