ಸಾವಿರದ ಐನೂರು ರೂಪಾಯಿಯ ಪ್ಯಾರಿಸ್

ಇಂದು ಬೆಳಿಗ್ಗೆ ಜರ್ಮನಿಯ ನಮ್ಮ ಕನ್ನಡ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ, ಈ ಸೆಮಿಸ್ಟರಿಗೆ ಹೊಸದಾಗಿ ಬಂದ ಹುಡುಗನೊಬ್ಬ ಒಂದು ರೀಲ್ ಹಂಚಿಕೊಂಡಿದ್ದ. ಐಫೆಲ್ ಗೋಪುರಕ್ಕೆ ಬೆನ್ನು ಮಾಡಿ ನಿಂತ ಯುವಕನೊಬ್ಬ ಅಚ್ಚಕನ್ನಡದಲ್ಲಿ, 'ಬರೀ ಸಾವಿರದ ಐನೂರು ರೂಪಾಯಿಗೆ ಪ್ಯಾರಿಸ್! ಸ್ಟೂಡೆಂಟ್ ಆಗಿದ್ದಾಗ ಇದನ್ನೂ ಮಾಡ್ಲಿಲ್ಲ ಅಂದ್ರೆ ಯುರೋಪಿಗೆ ಯಾಕ್ ಬಂದ್ರಿ?' ಎಂದು ಕೇಳುತ್ತಾನೆ. ಅದರ ಕೆಳಗೆ ನಮ್ಮ ಹುಡುಗನ ಪ್ರಶ್ನೆ: 'ಅಕ್ಕಾ, ಈ ಶನಿವಾರ ಹೋಗಿ ಬರಬಹುದಾ?' ಗುಂಪಿನಲ್ಲಿ ಉತ್ತರಿಸಿದರೆ ಜಗಳವಾಗುತ್ತದೆ, ಸುಮ್ಮನಿದ್ದರೆ ಒಳಗೇ ಕುದಿಯುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಸಿಟ್ಟು ನಿಮಗೇನೂ ಹೊಸದಲ್ಲವಲ್ಲ.

ಮೊದಲು ಆ ಸಾವಿರದ ಐನೂರನ್ನೇ ಬಿಡಿಸಿ ನೋಡೋಣ. ಒಂದು ಯೂರೋ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಅದು ಹದಿನೈದು ಯೂರೋಗೂ ಕಡಿಮೆ. ಅಷ್ಟಕ್ಕೆ ವಿಮಾನದ ಟಿಕೆಟ್ ಸಿಗುವುದೇ ಇಲ್ಲವೆಂದು ನಾನು ಹೇಳುವುದಿಲ್ಲ, ಸಿಗುತ್ತದೆ. ಆದರೆ ಅದು ಹೋಗುವ ಟಿಕೆಟ್, ಬರುವುದಕ್ಕೆ ಬೇರೆಯೇ ದುಡ್ಡು ಕಟ್ಟಬೇಕು. ಮುಂದಿನ ಸೀಟಿನ ಕೆಳಗೆ ತುರುಕಬಹುದಾದ ಒಂದು ಸಣ್ಣ ಚೀಲಕ್ಕಿಂತ ಹೆಚ್ಚೇನಾದರೂ ಒಯ್ದರೆ ಅದಕ್ಕೂ ಕಟ್ಟಬೇಕು. ಟಿಕೆಟ್ಟಿನ ಮೇಲೆ ಪ್ಯಾರಿಸ್ ಎಂದು ಬರೆದಿದ್ದರೂ ಈ ಅಗ್ಗದ ವಿಮಾನಗಳು ಸಾಮಾನ್ಯವಾಗಿ ಇಳಿಯುವುದು ಬೋವೆ ಎಂಬ ಊರಿನಲ್ಲಿ, ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರದಲ್ಲಿ. ಹುಬ್ಬಳ್ಳಿಗೆಂದು ಟಿಕೆಟ್ ಹರಿದು ಬೆಳಗಾವಿಯಲ್ಲಿ ಇಳಿಸಿ ಹೋದ ಹಾಗೆ. ಅಲ್ಲಿಂದ ನಗರಕ್ಕೆ ಹೋಗುವ ಬಸ್ಸಿನ ದರ ಎಷ್ಟೋ ಸಲ ವಿಮಾನದ ದರವನ್ನೇ ಮೀರಿಸುತ್ತದೆ. ನಮ್ಮ ಕಡೆಯ ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣವೂ ಏನು ಕಡಿಮೆಯಲ್ಲ. ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಇದ್ದರೂ ಅದಿರುವುದು ಆ ನಗರದಿಂದ ಸುಮಾರು 120 ಕಿಲೋಮೀಟರ್ ಆಚೆ, ಗುಡ್ಡಗಾಡಿನ ಹಳೆಯ ಅಮೆರಿಕನ್ ವಾಯುನೆಲೆಯಲ್ಲಿ. ಇನ್ನು 'ಹನ್ನೆರಡು ಯೂರೋಗೆ ಲಂಡನ್' ಎಂದು ಕುಣಿಯುವವರು, ಬ್ರಿಟನ್ ಒಂದೇ ವೀಸಾದಲ್ಲಿ ಸುತ್ತಬಹುದಾದ ಷೆಂಗೆನ್ ವಲಯದಲ್ಲಿಲ್ಲ, ಭಾರತದ ಪಾಸ್‌ಪೋರ್ಟಿಗೆ ಅಲ್ಲಿಗೆ ಪ್ರತ್ಯೇಕ ವೀಸಾ ಬೇಕು, ಅದರ ಶುಲ್ಕವೇ ನೂರು ಪೌಂಡ್ ದಾಟುತ್ತದೆ ಎಂಬುದನ್ನು ಹೇಳುವುದೇ ಇಲ್ಲ. ಮೂವತ್ತು ಸೆಕೆಂಡಿನಲ್ಲಿ ಅಷ್ಟೆಲ್ಲ ಹೇಳಲು ಪಾಪ ಸಮಯ ಸಾಲುವುದಿಲ್ಲವೇನೋ.

ಹೋಗಲಿ, ಸುಳ್ಳು ಲೆಕ್ಕ ಹೇಳುವುದು ಅವರ ಕಸುಬು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಲೆಕ್ಕವನ್ನು ನಂಬುವವರು ಯಾರು ಎಂದು ಯೋಚಿಸಿದಾಗ ಬಿಡಲು ಮನಸ್ಸಾಗುವುದಿಲ್ಲ. ಜರ್ಮನಿಗೆ ಓದಲು ಬರುವವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದರಿಂದ ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ಆರೋಗ್ಯ ವಿಮೆ, ಮೊಬೈಲು, ದಿನಸಿ ಇವೆಲ್ಲ ಅದರಲ್ಲೇ ಆಗಬೇಕು, ಮತ್ತು ನಮ್ಮಲ್ಲಿ ಬಹಳ ಜನರ ಆ ಹಣ ಊರಿನ ಬ್ಯಾಂಕಿನಲ್ಲಿ ಮನೆಯನ್ನೋ ಹೊಲವನ್ನೋ ಒತ್ತೆಯಿಟ್ಟು ತಂದ ಶಿಕ್ಷಣ ಸಾಲದ್ದು. ಇಲ್ಲಿಯ ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಎರಡೂ ಕಡೆಯ ವಿಮಾನ, ಎರಡೂ ಕಡೆಯ ಬಸ್ಸು, ಡಾರ್ಮಿಟರಿಯಲ್ಲಿ ಒಂದು ಹಾಸಿಗೆ, ಮೆಟ್ರೋ, ಎರಡು ಹೊತ್ತಿನ ಊಟ ಎಂದು ಪ್ರಾಮಾಣಿಕವಾಗಿ ಕೂಡಿಸಿದರೆ ಆ ಪ್ಯಾರಿಸ್ ನೂರೈವತ್ತು ಯೂರೋ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ಗೋದಾಮಿನಲ್ಲಿ ಹತ್ತು ಗಂಟೆಗೂ ಮೀರಿ ಪೆಟ್ಟಿಗೆ ಎತ್ತಿದ ದುಡ್ಡು. ಇದರಲ್ಲಿ ಯಾರೂ ಹಿಡಿಯದ ಇನ್ನೊಂದು ಖರ್ಚಿದೆ. ವಾರದ ದಿನಗಳಲ್ಲಿ ತರಗತಿ ಇರುವುದರಿಂದ ನಾವು ದುಡಿಯುವುದೇ ಶನಿವಾರ. ಪ್ಯಾರಿಸ್‌ಗೆ ಹೋದ ಶನಿವಾರ ಖರ್ಚೂ ಆಯಿತು, ಗಳಿಕೆಯೂ ಹೋಯಿತು. ಈ ಎರಡನೆಯ ಅರ್ಧವನ್ನು ಯಾವ ರೀಲಿನಲ್ಲೂ ನಾನು ಕಂಡಿಲ್ಲ.

'ವಿಮಾನ ಬೇಡ, ರಾತ್ರಿ ಬಸ್ಸು ಹಿಡಿದರೆ ಹಾಸಿಗೆಯ ಖರ್ಚೂ ಉಳಿಯುತ್ತದೆ' ಎನ್ನುವ ಇನ್ನೊಂದು ಪಂಗಡವಿದೆ. ಆ ಉಳಿತಾಯ ಹೇಗಿರುತ್ತದೆಂದು ಹೇಳುತ್ತೇನೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿದೆ. ಹಿಂತಿರುಗುವಾಗ ನಡುರಾತ್ರಿ ಎರಡೂವರೆಗೆ ಬಸ್ಸು ಹೆದ್ದಾರಿಯ ಬದಿಗೆ ಸರಿದು ನಿಲ್ಲುತ್ತದೆ, ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಳ್ಳುತ್ತವೆ, ಬಾಯಿ ತೆರೆದು ಮಲಗಿದ್ದವರು ಕಣ್ಣುಜ್ಜಿಕೊಂಡು ಜೇಬು ತಡಕುತ್ತಾರೆ. ಪಕ್ಕದ ಜರ್ಮನ್ ಹುಡುಗ ಅರೆಗಣ್ಣಿನಲ್ಲೇ ಗುರುತಿನ ಚೀಟಿ ಎತ್ತಿ ತೋರಿಸಿ ಮತ್ತೆ ನಿದ್ದೆ ಹೋಗುತ್ತಾನೆ. ನನ್ನ ಪಾಸ್‌ಪೋರ್ಟಿನ ಪುಟಗಳು ಮಾತ್ರ ಒಂದೊಂದಾಗಿ ಮಗುಚುತ್ತವೆ, ವಾಸದ ಪರವಾನಗಿಯ ಕಾರ್ಡು ಟಾರ್ಚಿನ ಬೆಳಕಿನಲ್ಲಿ ಓರೆಯಾಗುತ್ತದೆ, ಎಲ್ಲಿ ಓದುತ್ತೀರಿ, ಏನು ಓದುತ್ತೀರಿ, ಎಲ್ಲಿಂದ ಬರುತ್ತಿದ್ದೀರಿ ಎಂಬ ಪ್ರಶ್ನೆಗಳಿಗೆ ನಿದ್ದೆಗಣ್ಣಿನ ಜರ್ಮನ್‌ನಲ್ಲಿ ಉತ್ತರ ಹುಡುಕಬೇಕಾಗುತ್ತದೆ. ಆ ಅಧಿಕಾರಿ ಅಸಭ್ಯವಾಗಿಯೇನೂ ನಡೆದುಕೊಳ್ಳುವುದಿಲ್ಲ. ಆದರೂ ಆಮೇಲೆ ನಿದ್ದೆ ಬರುವುದಿಲ್ಲ. ಬೆಳಗಿನ ಐದಕ್ಕೆ ಬಸ್ಸು ಊರಾಚೆಯ ಯಾವುದೋ ಪಾರ್ಕಿಂಗ್ ಜಾಗದಲ್ಲಿ ಇಳಿಸಿ ಹೋಗುತ್ತದೆ. ಶೌಚಾಲಯಕ್ಕೆ ಬೀಗ, ಅಂಗಡಿಗಳಿಗೆ ಬೀಗ, ಮೊದಲ ಟ್ರಾಮಿಗೆ ಇನ್ನೂ ಹೊತ್ತಿದೆ. ಒಬ್ಬಳೇ ಹೆಣ್ಣುಮಗಳು ಬೆನ್ನಿಗೆ ಗೋಡೆ ಆತುಕೊಂಡು ಬೆಳಕಾಗುವುದನ್ನು ಕಾಯುವ ಆ ಒಂದು ಗಂಟೆಗೆ ಎಷ್ಟು ಯೂರೋ ಬೆಲೆ ಕಟ್ಟಬೇಕೋ ಆ ರೀಲಿನ ಮಹಾಶಯ ಹೇಳಲಿ.

ಇಷ್ಟು ಓದಿದ ಕೆಲವರು 'ಇವಳು ಎಲ್ಲೂ ಹೋಗಬೇಡಿ ಅನ್ನುತ್ತಿದ್ದಾಳೆ' ಎಂದುಕೊಳ್ಳುವುದು ಖಂಡಿತ. ನಾನು ಮನೆಯಲ್ಲಿ ಕೂರುವವಳಲ್ಲವೆಂಬುದು ನನ್ನ ಫೋಟೋಗಳಿಂದ ತಲೆನೋವು ತರಿಸಿಕೊಂಡ ನಿಮಗೆ ಗೊತ್ತೇ ಇದೆ. ಈ ದೇಶದಲ್ಲಿ ನಿಜವಾಗಿಯೂ ಅಗ್ಗವಾದದ್ದು ಒಂದಿದೆ, ಅದು ಪ್ಯಾಸೆಂಜರ್ ರೈಲು. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ ಒಂಬತ್ತು ಯೂರೋ ಟಿಕೆಟ್ ಎಂಬ ಪವಾಡ ನಡೆಯಿತು. ಅದರ ಬೆನ್ನಿಗೆ 2023ರ ಮೇ ತಿಂಗಳಲ್ಲಿ 49 ಯೂರೋಗೆ ಡಾಯ್ಚ್‌ಲಾಂಡ್ ಟಿಕೆಟ್ ಬಂತು, 2025ರಲ್ಲಿ 58 ಆಯಿತು, ಈಗ 63. ಏರುತ್ತಲೇ ಇದೆ ಎಂಬ ಬೇಸರ ನನಗೂ ಇದೆ, ಆದರೂ ವಿದ್ಯಾರ್ಥಿಗಳಿಗೆ ಬಹಳ ಕಡೆ ರಿಯಾಯಿತಿ ಸಿಗುತ್ತದೆ, ಮತ್ತು ವೇಗದ ಐಸಿಇ, ಐಸಿ ರೈಲುಗಳನ್ನು ಬಿಟ್ಟರೆ ದೇಶದ ಪ್ರಾದೇಶಿಕ ರೈಲು, ಟ್ರಾಮು, ಸಿಟಿ ಬಸ್ಸುಗಳಲ್ಲಿ ತಿಂಗಳಿಡೀ ತಿರುಗಬಹುದು. ಕಾಲೇಜಿಗೆ ಹೋಗಿಬರಲು ಹೇಗೂ ಕೊಳ್ಳುವ ಟಿಕೆಟ್ಟಿನಲ್ಲಿ ಭಾನುವಾರದ ಪ್ರಯಾಣ ಪುಕ್ಕಟೆ ಬರುತ್ತದೆ. ಇದನ್ನು ಜೇಬಿನಲ್ಲಿಟ್ಟುಕೊಂಡು ಬೋವೆಯ ವಿಮಾನ ಹುಡುಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾವಿರುವ ಊರು ಕಾರ್ಲ್ಸ್‌ರೂಅನ್ನೇ ತೆಗೆದುಕೊಳ್ಳಿ. ಇಲ್ಲಿಂದ ಸ್ವಿಸ್ ಗಡಿಯ ಊರು ಕಾನ್‌ಸ್ಟಾನ್ಸ್‌ಗೆ ನೇರ ಪ್ರಾದೇಶಿಕ ರೈಲಿದೆ, ಮೂರು ಗಂಟೆಯ ದಾರಿ, ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ನಡುವೆ. ರಾಬರ್ಟ್ ಗೆರ್ವಿಗ್ ಎಂಬ ಎಂಜಿನಿಯರ್ ಯೋಜಿಸಿದ ಕಪ್ಪುಕಾಡಿನ ಈ ಮಾರ್ಗ 1873ರಲ್ಲಿ ಪೂರ್ತಿಯಾಯಿತು. ಹೌಸಾಖ್ ದಾಟಿದ ಮೇಲೆ ರೈಲು ಬೆಟ್ಟವನ್ನು ಏರಲಾರದೆ ಸುತ್ತು ಹಾಕುತ್ತದೆ. ಟ್ರೈಬರ್ಗ್ ಹತ್ತಿರ ಈಗಷ್ಟೇ ಎಡಗಡೆ ಕಂಡ ಕಣಿವೆ ಸುರಂಗದಿಂದ ಹೊರಬಂದಾಗ ಬಲಗಡೆಗೆ, ಇನ್ನಷ್ಟು ಕೆಳಗೆ ಕಾಣಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ 57 ಸುರಂಗಗಳನ್ನು ನೋಡಿದವರಿಗೆ ಸುರಂಗಗಳ ಸಂಖ್ಯೆ ದೊಡ್ಡದೆನಿಸದು, ಆದರೆ ಇಲ್ಲಿ ಮಳೆಯಲ್ಲಿ ತೊಯ್ದ ಕಪ್ಪು ಹೆಂಚಿನ ಮನೆಗಳ ಮೇಲೆ ಹಾದುಹೋಗುವ ಆ ಅರ್ಧ ಗಂಟೆ ನನಗೆ ಪ್ರತಿಸಲವೂ ಹೊಸದು. (ಟ್ರೈಬರ್ಗ್‌ನಲ್ಲಿ ಜಲಪಾತವಿದೆ, ನೋಡಲು ಪ್ರವೇಶ ಶುಲ್ಕವಿದೆ. ಗೋಕಾಕ ನೋಡಿ ಬೆಳೆದವಳು ನೀರು ಬೀಳುವುದನ್ನು ನೋಡಲು ದುಡ್ಡು ಕೊಡುವುದು ನನ್ನಿಂದಾಗದ ಮಾತು, ಇಳಿಯಲಿಲ್ಲ.) ಕಾನ್‌ಸ್ಟಾನ್ಸ್‌ನಲ್ಲಿ ಸರೋವರದ ದಂಡೆ ಹಿಡಿದು ನಡೆದರೆ, ಎರಡನೆಯ ಮಹಾಯುದ್ಧದ ಹೊತ್ತಿಗೆ ಎದ್ದ ಗಡಿಬೇಲಿ ಈಗಿಲ್ಲ, ಅದರ ಜಾಗದಲ್ಲಿ ಶಿಲ್ಪಗಳ ಸಾಲು ನಿಂತಿದೆ, ಅದನ್ನು ದಾಟಿದರೆ ಸ್ವಿಟ್ಜರ್ಲೆಂಡ್. ದಾಟುವ ಮೊದಲು ಮೊಬೈಲಿನ ರೋಮಿಂಗ್ ಆಫ್ ಮಾಡಿ, ಏಕೆಂದರೆ ಯುರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ಸ್ವಿಸ್ ನೆಲಕ್ಕೆ ಅನ್ವಯಿಸುವುದಿಲ್ಲ. ಬಜೆಟ್ ಪ್ರವಾಸದ ಉಪದೇಶ ಕೊಡುವವರು ಕೊಡಬೇಕಾದ ಮಾಹಿತಿ ಇಂಥದ್ದು.

ಇನ್ನೊಂದು ದಾರಿ ಗಡಿಯಾಚೆ, ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನದು. ಆಫನ್‌ಬುರ್ಗ್‌ನಲ್ಲಿ ರೈಲು ಬದಲಿಸಿ ಗಡಿಯೂರು ಕೇಲ್ ತನಕ ಹೋದರೆ ನಮ್ಮ ಟಿಕೆಟ್ಟಿನ ಗಡಿ ಮುಗಿಯಿತು. ಅಲ್ಲಿಂದ ಟ್ರಾಮ್ ಇದೆ, ಆದರೆ ಕಾಲಿದ್ದವರಿಗೆ ರೈನ್ ನದಿಯ ಮೇಲೆ 2004ರಲ್ಲಿ ಕಟ್ಟಿದ ಪಾದಚಾರಿ ಸೇತುವೆಯಿದೆ. ಅದರ ನಡುಮಧ್ಯದ ವೇದಿಕೆಯ ಮೇಲೆ ಕೂತು ಬುತ್ತಿ ಬಿಚ್ಚಬಹುದು. ನನ್ನ ಬುತ್ತಿ ಯಾವುದೆಂದು ಕೇಳಬೇಕಿಲ್ಲ: ಅವ್ವ ಕಟ್ಟಿ ಕಳಿಸುವ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ತಿಂಗಳಾದರೂ ಕೆಡದ, ಬಿಸಿ ಮಾಡುವ ಹಂಗಿಲ್ಲದ, ಭಾನುವಾರ ಜರ್ಮನಿಯ ಅಂಗಡಿಗಳೆಲ್ಲ ಮುಚ್ಚಿದಾಗಲೂ ಕೈಬಿಡದ ಪ್ರವಾಸಿ ಆಹಾರವೊಂದು ಜಗತ್ತಿನಲ್ಲಿದ್ದರೆ ಅದು ಇದೇ. ಮುರಿಯುವಾಗ ಆಗುವ ಸದ್ದಿಗೆ ಪಕ್ಕದ ಬೆಂಚಿನವರು ತಿರುಗಿ ನೋಡುತ್ತಾರೆ, ನೋಡಲಿ. ಸೇತುವೆ ಇಳಿದು ಒಂದೂವರೆ ಗಂಟೆ ನಡೆದರೆ, 142 ಮೀಟರ್ ಎತ್ತರದ, ಇನ್ನೂರು ವರ್ಷಕ್ಕೂ ಮಿಕ್ಕಿ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವೆನಿಸಿದ್ದ ಕೆಥೆಡ್ರಲ್ಲಿನ ಮುಂದೆ ನಿಂತಿರುತ್ತೀರಿ. 1871ರಿಂದ 1945ರ ನಡುವೆ ನಾಲ್ಕು ಸಲ ಫ್ರಾನ್ಸ್ ಮತ್ತು ಜರ್ಮನಿಯ ಕೈ ಬದಲಾಯಿಸಿದ ಈ ಊರನ್ನು ನಡೆದು ಹೊಕ್ಕವರಿಗೆ, ಬೀದಿಗಳ ಆಲ್ಸೇಷಿಯನ್ (ಅಲ್ಲಿಯ ಜರ್ಮನ್ ಉಪಭಾಷೆ) ಹೆಸರುಗಳು ಫ್ರೆಂಚ್ ಫಲಕದ ಪಕ್ಕದಲ್ಲಿ ಇನ್ನೂ ಏಕೆ ನೇತಾಡುತ್ತಿವೆ ಎಂದು ವಿಚಾರಿಸುವ ಪುರುಸೊತ್ತು ಇರುತ್ತದೆ. ಇಡೀ ದಿನದ ಖರ್ಚು ಒಂದು ಕಾಫಿ, ಮತ್ತು ನಿಲ್ದಾಣದ ಶೌಚಾಲಯದ ಒಂದು ಯೂರೋ.

ನಿಮ್ಮಲ್ಲಿ ಯಾರಿಗೂ ಹೇಳದ ಒಂದು ವಿಷಯವನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಸುತ್ತಲು ಹೊರಟದ್ದು ಯುರೋಪ್ ನೋಡುವ ಹಂಬಲದಿಂದಲ್ಲ, ಭಾನುವಾರಕ್ಕೆ ಹೆದರಿ. ಇಲ್ಲಿಯ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುವ, ಅಂಗಡಿ ತೆರೆಯದ, ಹಾಸ್ಟೆಲಿನ ಕಾರಿಡಾರಿನಲ್ಲಿ ಒಂದು ಹೆಜ್ಜೆಯ ಸದ್ದೂ ಇಲ್ಲದ ಆ ದಿನವನ್ನು ಕೋಣೆಯಲ್ಲಿ ಕಳೆಯುವುದು ನನ್ನಿಂದ ಆಗುತ್ತಿರಲಿಲ್ಲ. ಮನೆಗೆ ಫೋನ್ ಮಾಡಿದರೆ ಅಳು ಬರುತ್ತಿತ್ತು, ಅವ್ವ ಅದನ್ನು ಕೇಳಿಸಿಕೊಳ್ಳುತ್ತಾಳೆಂದು ಮಾಡುತ್ತಲೂ ಇರಲಿಲ್ಲ. ರೈಲಿನಲ್ಲಿ ಕೂತರೆ ಎದುರಿಗೆ ಜನರಾದರೂ ಇರುತ್ತಿದ್ದರು. ಯಾರದೋ ನಾಯಿ ಕಾಲ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಊರುಗಳು ಕಂಡದ್ದು ಅದರ ಜೊತೆಗೆ ಬಂದ ಲಾಭ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹೊಸದಾಗಿ ಬಂದ ಈ ಹುಡುಗರಲ್ಲಿ ಎಷ್ಟೋ ಮಂದಿ ಪ್ಯಾರಿಸ್ ಹುಡುಕುತ್ತಿರುವುದೂ ಅದೇ ಭಾನುವಾರಕ್ಕೆ ಹೆದರಿ ಎಂಬ ಅನುಮಾನ ನನಗಿದೆ, ಮತ್ತು ಅವರ ಆ ಒಂಟಿತನದ ಮೇಲೆ ಯಾರೋ ಲೈಕು ಗಳಿಸುತ್ತಿದ್ದಾರೆ.

'ಓದು ಮುಗಿಸಿ ಊರಿಗೆ ಹೋದ ಮೇಲೆ ಮತ್ತೆಲ್ಲಿ ಬರುತ್ತೇವೆ, ವಯಸ್ಸಿದ್ದಾಗಲೇ ಆದಷ್ಟು ದೇಶ ನೋಡಿಬಿಡಬೇಕು' ಎಂಬ ವಾದ ನನಗೆ ತಿಳಿಯದ್ದಲ್ಲ. ಮಾವನ ಮಗನೊಬ್ಬ ಕಳೆದ ವಾರ ಫೋನಿನಲ್ಲಿ ಇದನ್ನೇ ಹೇಳಿದ. ನನ್ನ ಪಟ್ಟಿಯಲ್ಲಿ ಎಷ್ಟು ದೇಶವಾಯಿತೆಂದೂ ಕೇಳಿದ. ಪಾನಿಪುರಿ ಪಂದ್ಯವೇ, ಎಣಿಸಲು? ಇಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಪರವಾನಗಿ ಸಿಗುತ್ತದೆ, ಕೆಲಸ ಸಿಕ್ಕರೆ ಸಂಬಳದ ದುಡ್ಡಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಪ್ಯಾರಿಸ್ ಎಲ್ಲೂ ಓಡಿಹೋಗುವುದಿಲ್ಲ. ವಿದ್ಯಾರ್ಥಿಗಳ ಅಗ್ಗದ ಪ್ರವಾಸ ಈ ದೇಶದಲ್ಲಿ ಹೊಸದೇನೂ ಅಲ್ಲ. ರಿಚರ್ಡ್ ಶಿರ್‌ಮಾನ್ ಎಂಬ ಶಾಲಾ ಮೇಷ್ಟ್ರು 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ತೆರೆದದ್ದು, ಮಕ್ಕಳು ಸುತ್ತಲಿನ ಬೆಟ್ಟಗುಡ್ಡಗಳಲ್ಲಿ ನಡೆದು ದಣಿದಾಗ ಮಲಗಲು ಜಾಗವಿರಲೆಂದು. ಅದೇ ಬಗೆಯ ಹಾಸಿಗೆಯಲ್ಲಿ ಈಗ ಮಲಗುವವರು ಅಲಾರಂ ಇಟ್ಟುಕೊಂಡು, ಬೆಳಗಾಗುವ ಮೊದಲೇ ಮುಂದಿನ ರಾಜಧಾನಿಗೆ ಓಡುತ್ತಾರೆ. ಸೋಮವಾರ ತರಗತಿಯ ಹಿಂದಿನ ಸಾಲಿನಲ್ಲಿ ತೂಕಡಿಸುವ ಅವರನ್ನು ಏನು ನೋಡಿದಿರಿ ಎಂದು ಕೇಳಿ ನೋಡಿ. ಫೋನ್ ತೆಗೆದು ತೋರಿಸುತ್ತಾರೆ, ಬಾಯಲ್ಲಿ ಹೇಳಲು ಅವರಿಗೆ ಏನೂ ಇರುವುದಿಲ್ಲ.

ಆ ಹುಡುಗನಿಗೆ ಕೊನೆಗೆ ಗುಂಪಿನಲ್ಲಿ ಉತ್ತರಿಸಿದೆ. ಈ ಶನಿವಾರ ಬೇಡಪ್ಪ, ಮೊದಲ ಸಂಬಳ ಬರಲಿ ಎಂದೆ. ಹೋಗಲೇಬೇಕೆಂದರೆ ಎರಡು ತಿಂಗಳು ಮೊದಲೇ ರೈಲಿನ ಅಗ್ಗದ ಟಿಕೆಟ್ ನೋಡು, ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡನ್ನೂ ಇಟ್ಟುಕೋ. ಯುರೋಪಿಯನ್ ಆರ್ಥಿಕ ವಲಯದಾಚೆಯ ಪ್ರವಾಸಿಗರು ಲೂವ್ರ್ ಮ್ಯೂಸಿಯಮ್ಮಿಗೆ 2026ರ ಜನವರಿಯಿಂದ 32 ಯೂರೋ ಕೊಡುತ್ತಿದ್ದಾರೆ. ನಿನಗೆ ಇನ್ನೂ ಇಪ್ಪತ್ತಾರು ತುಂಬಿಲ್ಲ, ಇಲ್ಲಿಯ ವಾಸದ ಕಾರ್ಡಿದೆ, ಆದ್ದರಿಂದ ನಿನಗೆ ಪೂರ್ತಿ ಉಚಿತ, ನಿನ್ನ ರೀಲಿನ ಪಂಡಿತ ಇದನ್ನು ಹೇಳಲಿಲ್ಲವಲ್ಲ ಎಂದೂ ಬರೆದೆ. ಮಂಗಳವಾರ ಮಾತ್ರ ಹೋಗಬೇಡ, ಅಂದು ಅದಕ್ಕೆ ರಜೆ.