ಎಲ್ವಿಸ್ ಪತ್ರ: ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ್ದು ಮೂಲಪ್ರತಿಯಲ್ಲ

ಗಾಯಕ ಎಲ್ವಿಸ್ ಪ್ರೀಸ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರಿಗೆ ಬರೆದು ಸಹಿ ಹಾಕಿದ ಪತ್ರದ ಮೂಲಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತೆಂಬ ಸಂದೇಶ ಹಸ್ತಾಕ್ಷರ ಸಂಗ್ರಾಹಕರ ನಡುವೆ ಹರಿದಾಡುತ್ತಿದೆ, ಇದು ನಿಜವಲ್ಲ. 1970ರ ಡಿಸೆಂಬರ್‌ನಲ್ಲಿ ವಿಮಾನದಲ್ಲಿ ಕುಳಿತು, ಅಮೆರಿಕನ್ ಏರ್‌ಲೈನ್ಸ್ ಕಾಗದದ ಮೇಲೆ ಬರೆದ, ಮಾದಕವಸ್ತು ನಿಗ್ರಹಕ್ಕೆ ನೆರವಾಗಲು ತನ್ನನ್ನು ಫೆಡರಲ್ ಏಜೆಂಟ್ ಮಾಡಬೇಕೆಂದು ಕೋರಿದ ಆ ಪತ್ರ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. (ವೈದ್ಯರು ಬರೆದುಕೊಟ್ಟ ಔಷಧಗಳಿಗೇ ದಾಸನಾಗಿದ್ದವನ ಕೋರಿಕೆಯಿದು ಎಂಬುದೇ ಸಂಗ್ರಾಹಕರಿಗೆ ಅದರ ಮೇಲಿರುವ ಮೋಹಕ್ಕೆ ಕಾರಣವಿರಬೇಕು.) ಅದರ ಚಿತ್ರ ಸಾರ್ವಜನಿಕವಾಗಿ ಲಭ್ಯವಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಇಲ್ಲಿ ತೋರಿಸಲಾಗುತ್ತಿರುವ ಹಾಳೆಯನ್ನು ನಾನೇ ಭೂತಗನ್ನಡಿಯಲ್ಲಿ ನೋಡಿದ್ದೇನೆ. ಅಕ್ಷರಗಳಲ್ಲಿ ಮುದ್ರಣದ ಸಣ್ಣ ಚುಕ್ಕೆಗಳಿವೆ, ಹಿಂಬದಿಯಲ್ಲಿ ಪೆನ್ನು ಒತ್ತಿದ ಗುರುತಿಲ್ಲ. ಮುಂಗಡ ಕೊಟ್ಟವರು ಹಣ ವಾಪಸು ಕೇಳುವುದು ಒಳ್ಳೆಯದು.